ಮೂರು ಸಲ ಹುಳದ ಔಷಧಿ ಕುಡಿಸಿದರೂ ಕುರಿಗಳ ಗದ್ದ ಊದುತ್ತಿದೆ, ಏನು ಮಾಡಲಿ?

ಕೆರೆಯಂಗಳದ ಕುರಿಗಾರ (ಶಿರಾ ತಾಲೂಕು)
ನವೆಂಬರ್ 9

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 46 ಕುರಿ ಇದ್ದವು, ಈಗ 41 ಉಳಿದಿವೆ. ಒಂದೂವರೆ ತಿಂಗಳಲ್ಲಿ ಐದು ಹೋದವು. ಕುರಿ ಸಾಕಲು ಶುರು ಮಾಡಿ ಎರಡು ವರ್ಷ ಆಯಿತು, ಹೋದ ವರ್ಷ ಒಂದೂ ಸತ್ತಿರಲಿಲ್ಲ.

ಶುರುವಾದದ್ದು ಹೀಗೆ. ಒಂದು ಸಂಜೆ ರೊಪ್ಪಕ್ಕೆ ಹೊಡೆದುಕೊಂಡು ಬರುವಾಗ ಒಂದು ಕುರಿ ಹಿಂದೆ ಉಳಿಯಿತು. ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಮತ್ತೆ ನಾಲ್ಕು ಹೆಜ್ಜೆ. ಹತ್ತಿರ ಹೋಗಿ ನೋಡಿದರೆ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಜೋತುಬಿದ್ದಿತ್ತು, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಪಕ್ಕದ ಹೊಲದವರು ಗಳಲೆ ಬಂದಿದೆ ಅಂದರು. ಅದಕ್ಕೆ ಸೂಜಿಮದ್ದು ಹಾಕಿಸಿದೆ. ಬೆಳಿಗ್ಗೆ ನೋಡಿದರೆ ಊತ ಅರ್ಧ ಇಳಿದಿತ್ತು, ವಾಸಿಯಾಯಿತು ಅಂದುಕೊಂಡೆ. ಸಂಜೆ ಮೇಯಿಸಿಕೊಂಡು ಬರುವಷ್ಟರಲ್ಲಿ ಮತ್ತೆ ಅಷ್ಟೇ ಆಗಿತ್ತು. ನಾಲ್ಕನೇ ದಿನ ಸತ್ತಿತು. ಅವಳಿ ಮರಿ ಹಾಕಿದ್ದ ಕುರಿ ಅದು, ನನ್ನ ಮಂದೆಯಲ್ಲೇ ಒಳ್ಳೆಯದು. ಮರಿಗಳಿಗೆ ಈಗ ಬಾಟಲಿ ಹಾಲು ಕುಡಿಸುತ್ತಿದ್ದೇನೆ.

ಆಮೇಲೆ ಇನ್ನೂ ನಾಲ್ಕು ಹೋದವು. ಎರಡರ ಗದ್ದ ಊದಿತ್ತು, ಇನ್ನೆರಡಕ್ಕೆ ಏನೂ ಇರಲಿಲ್ಲ, ಬೆಳಿಗ್ಗೆ ನೋಡಿದಾಗ ಸತ್ತು ಬಿದ್ದಿದ್ದವು. ಭೇದಿ ಇಲ್ಲ. ಹಿಕ್ಕೆ ಗಟ್ಟಿಯಾಗೇ ಇದೆ. ಜ್ವರವೂ ಇದ್ದ ಹಾಗೆ ಕಾಣಲಿಲ್ಲ. ಮೇವು ತಿನ್ನುತ್ತಲೇ ಇದ್ದವು, ಅದೇ ನನಗೆ ಅರ್ಥ ಆಗದಿರುವುದು.

ಹುಳದ ಔಷಧಿ ಹಾಕಿಲ್ಲ ಅನ್ನಬೇಡಿ. ಜೂನ್, ಆಗಸ್ಟ್, ಅಕ್ಟೋಬರ್, ಮೂರು ಸಲ ಕುಡಿಸಿದ್ದೇನೆ. ಆಲ್ಬೆಂಡಜೋಲ್, ಎಲ್ಲಕ್ಕೂ ತಲಾ 5 ಎಂಎಲ್. ಈ ವರ್ಷ ಮಳೆ ಚೆನ್ನಾಗಿ ಆಗಿ ನಮ್ಮೂರ ಕೆರೆ ತುಂಬಿದೆ, ಕೆರೆ ಅಂಗಳದ ತುಂಬ ಹಸಿರು ಹುಲ್ಲು. ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿಗೆ ಬಿಡುತ್ತೇನೆ. ಮೇವಿಗೆ ಕೊರತೆಯೇ ಇಲ್ಲದ ವರ್ಷದಲ್ಲಿ ಹೀಗೇಕೆ ಆಗುತ್ತಿದೆ? ಔಷಧಿಯೇ ಸರಿ ಇಲ್ಲವೋ, ಬೇರೆ ರೋಗವೋ? ಗೊತ್ತಿರುವವರು ದಯವಿಟ್ಟು ಹೇಳಿ, ಇನ್ನೂ ಮೂರು ಕುರಿಗಳ ಗದ್ದ ಊದಿದೆ.

---

ಮಂದೆಮನೆ (ಬಾಗಲಕೋಟೆ ಜಿಲ್ಲೆ)
ನವೆಂಬರ್ 9

ತಮ್ಮಾ, ಮೊದಲು ಒಂದು ಕೆಲಸ ಮಾಡು. ಗದ್ದ ಊದಿದ ಕುರಿಯ ಕಣ್ಣಿನ ಕೆಳರೆಪ್ಪೆ ಹೆಬ್ಬೆರಳಿಂದ ಕೆಳಗೆ ಎಳೆದು ಒಳಗಿನ ಬಣ್ಣ ನೋಡು. ಬಿಸಿಲಲ್ಲಿ ನಿಂತು ನೋಡು, ರೊಪ್ಪದ ನೆರಳಲ್ಲಿ ಬೇಡ. ಕೆಂಪಾಗಿದ್ದರೆ ಬೇರೆ ಮಾತು. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಅದರ ಮೈಯಲ್ಲಿ ರಕ್ತವೇ ಉಳಿದಿಲ್ಲ ಅಂತ ಅರ್ಥ. ನೀನು ಹೇಳಿದ್ದು ಕೇಳಿದರೆ ಬೆಳ್ಳಗೇ ಇರುತ್ತದೆ ಅನ್ನಿಸುತ್ತದೆ.

ಇನ್ನೊಂದು. ಸತ್ತ ಕುರಿಯನ್ನು ಹಾಗೇ ಹೂಳಬೇಡ. ಡಾಕ್ಟರ ಹತ್ತಿರ ಕೊಯ್ಯಿಸಿ ನೋಡು. ನಾವು ತಲೆತಲಾಂತರದಿಂದ ಕುರಿ ಕಾಯುವವರು, ವರ್ಷಕ್ಕೆ ಏಳೆಂಟು ತಿಂಗಳು ಮಂದೆ ಹೊಡೆದುಕೊಂಡು ಊರೂರು ಸುತ್ತುತ್ತೇವೆ. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತೇವೆ, ಗೊಬ್ಬರಕ್ಕೆ ರೈತರು ಕಾಳೋ ದುಡ್ಡೋ ಕೊಡುತ್ತಾರೆ. ಒಂದೇ ಕಡೆ ತಿಂಗಳುಗಟ್ಟಲೆ ಮೇಯಿಸುವುದಿಲ್ಲ. ಹಿರಿಯರು ಮೇವಿಗಾಗಿ ಹಾಗೆ ಮಾಡಿದರೋ ಏನೋ, ಆದರೆ ಹುಳದ ಕಾಟ ಕಡಿಮೆ ಆಗಲು ಅದೂ ಒಂದು ಕಾರಣ. ಕುರಿ ಹಿಕ್ಕೆ ಹಾಕಿದ ಜಾಗದಲ್ಲೇ ಮತ್ತೆ ಮತ್ತೆ ಮೇದರೆ ತನ್ನ ಹುಳ ತಾನೇ ತಿಂದ ಹಾಗೆ. ನಿನ್ನ ಕೆರೆ ಅಂಗಳದಲ್ಲಿ ಆಗುತ್ತಿರುವುದು ಅದೇ. ಅದರಲ್ಲೂ ಇಬ್ಬನಿ ಇರುವಾಗ ಬಿಡುತ್ತೀಯ. ನಾವು ಬಿಸಿಲು ಏರಿ ಹುಲ್ಲು ಒಣಗುವ ತನಕ ಮಂದೆ ಎಬ್ಬಿಸುವುದೇ ಇಲ್ಲ.

---

ಪಶುವೈದ್ಯೆ (ಹಾಸನ)
ನವೆಂಬರ್ 10

ಮಂದೆಮನೆ ಅಣ್ಣ ಹೇಳಿದ್ದು ಸರಿಯಾಗಿದೆ. ನಾನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಕಾಣದೆ ರೋಗ ಇಂಥದ್ದೇ ಅಂತ ಹೇಳುವುದು ತಪ್ಪು. ಆದರೆ ನೀವು ಬರೆದಿರುವ ಪ್ರತಿ ಗುರುತೂ ಹಿಮಾಂಕಸ್ ಅನ್ನುವ ಹುಳದ ಕಡೆ ಬೊಟ್ಟು ಮಾಡುತ್ತದೆ.

ಈ ಹುಳ ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಇರುತ್ತದೆ. ಉದ್ದ ಎರಡರಿಂದ ಮೂರು ಸೆಂಟಿಮೀಟರ್. ಕೆಂಪು ಬಿಳಿ ದಾರ ಹೊಸೆದ ಹಾಗೆ ಕಾಣುತ್ತದೆ, ಕೆಂಪಾಗಿರುವುದು ಅದು ಕುಡಿದ ರಕ್ತ. ಒಂದು ಹುಳ ದಿನಕ್ಕೆ ಸುಮಾರು 0.05 ಎಂಎಲ್ ರಕ್ತ ಕಳೆಯುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಹೊಟ್ಟೆಯಲ್ಲಿ 5,000 ಹುಳ ಇದ್ದರೆ ದಿನಕ್ಕೆ ಕಾಲು ಲೀಟರ್ ಆಯಿತು. 30 ಕೆಜಿ ಕುರಿಯ ಮೈಯಲ್ಲಿ ಇರುವುದೇ ಎರಡು ಲೀಟರ್ ಆಸುಪಾಸು ರಕ್ತ. ಮೇವು ತಿನ್ನುತ್ತಿದ್ದ ಕುರಿ, ಮೈ ಕೂಡ ಇಳಿಯದೆ, ಒಂದು ಬೆಳಿಗ್ಗೆ ಸತ್ತು ಬಿದ್ದಿರುವುದು ಇದರಿಂದಲೇ. ಒಮ್ಮೆಲೇ ತುಂಬ ಹುಳ ಸೇರಿದರೆ ಗದ್ದ ಊದುವಷ್ಟು ಸಮಯವೂ ಸಿಗುವುದಿಲ್ಲ.

ಗದ್ದದ ಊತ ಬೆಳಿಗ್ಗೆ ಇಳಿದು ಸಂಜೆ ಏರುವುದು ಏಕೆ ಅಂದರೆ, ರಕ್ತದ ಜೊತೆ ಅದರಲ್ಲಿರುವ ಪ್ರೋಟೀನ್ ಕೂಡ ಹೋಗುತ್ತದೆ. ನೀರನ್ನು ರಕ್ತನಾಳದ ಒಳಗೆ ಹಿಡಿದಿಡುವುದು ಆ ಪ್ರೋಟೀನ್. ಅದು ಕಡಿಮೆಯಾದಾಗ ನೀರು ಹೊರಗೆ ಸೋರುತ್ತದೆ. ಕುರಿ ದಿನವಿಡೀ ತಲೆ ಬಗ್ಗಿಸಿ ಮೇಯುವುದರಿಂದ ಅದು ಗದ್ದದ ಕೆಳಗೆ ಬಂದು ನಿಲ್ಲುತ್ತದೆ, ರಾತ್ರಿ ತಲೆ ಎತ್ತಿ ಮಲಗಿದಾಗ ಇಳಿಯುತ್ತದೆ. ಗಳಲೆಯಲ್ಲಿ ಹೀಗೆ ಏರಿಳಿತ ಇರುವುದಿಲ್ಲ. ಜೋರು ಜ್ವರ ಇರುತ್ತದೆ, ಊತ ಮುಟ್ಟಿದರೆ ಬಿಸಿ, ನೋವು, ಉಸಿರಾಟದ ತೊಂದರೆ, ಒಂದೆರಡು ದಿನದಲ್ಲೇ ಸಾವು. ಭೇದಿ ಇಲ್ಲ ಅಂದಿರಲ್ಲ, ಅದೂ ಈ ಹುಳದ ಗುರುತೇ. ಹುಳ ಅಂದರೆ ಭೇದಿ ಆಗಲೇಬೇಕು ಅಂತ ತುಂಬ ಜನ ತಿಳಿದಿದ್ದಾರೆ, ಇದರಲ್ಲಿ ಹಾಗಿಲ್ಲ. ನೀರು ನೀರಾಗಿ, ಕೆಟ್ಟ ವಾಸನೆಯ ಭೇದಿ ಇದ್ದಿದ್ದರೆ ನಾನು ಹೊಟ್ಟೆಯ ಚಪ್ಪಟೆ ಹುಳದ ಮರಿಗಳ ಬಗ್ಗೆ ಮೊದಲು ಯೋಚಿಸುತ್ತಿದ್ದೆ.

ಈಗ ಔಷಧಿ ವಿಷಯ. 5 ಎಂಎಲ್ ಅಂದಿರಿ. ನಿಮ್ಮ ಬಾಟಲಿ ಮೇಲೆ ಎಷ್ಟು ಪರ್ಸೆಂಟ್ ಅಂತ ಬರೆದಿದೆ? 2.5 ಪರ್ಸೆಂಟ್ ಆಗಿದ್ದರೆ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ. ಕುರಿಗೆ ಕೆಜಿಗೆ 7.5 ಮಿಲಿಗ್ರಾಂ ಲೆಕ್ಕದಲ್ಲಿ 30 ಕೆಜಿ ಕುರಿಗೆ 9 ಎಂಎಲ್ ಬೇಕು. ನೀವು ಕೊಟ್ಟಿದ್ದು ಹೆಚ್ಚುಕಡಿಮೆ ಅರ್ಧ. 45 ಕೆಜಿ ಟಗರಿಗೆ ಮೂರರಲ್ಲಿ ಒಂದು ಭಾಗ ಸಿಕ್ಕಿದೆ ಅಷ್ಟೇ. ಅರ್ಧ ಔಷಧಿ ಕೊಟ್ಟರೆ ಸುಮಾರಾದ ಹುಳಗಳು ಸಾಯುತ್ತವೆ, ಗಟ್ಟಿ ಹುಳಗಳು ಉಳಿಯುತ್ತವೆ, ಉಳಿದವೇ ಮೊಟ್ಟೆ ಇಡುತ್ತವೆ. ಒಂದು ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಮೂರು ಸಲ ಹೀಗೆ ಮಾಡಿದಾಗ ಔಷಧಿಗೆ ಬಗ್ಗದ ಹುಳಗಳನ್ನೇ ಆರಿಸಿ ಸಾಕಿದ ಹಾಗಾಯಿತು. ನಿಮ್ಮೊಬ್ಬರ ತಪ್ಪಲ್ಲ ಇದು, ದೇಶದ ಹಲವು ಕಡೆ ಆಲ್ಬೆಂಡಜೋಲ್ ಗುಂಪಿನ ಔಷಧಿಗೆ ಈ ಹುಳ ಬಗ್ಗದೇ ಇರುವುದು ಕಂಡುಬಂದಿದೆ.

ಗದ್ದ ಊದಿದ ಮೂರಕ್ಕೆ ಇವತ್ತೇ ಚಿಕಿತ್ಸೆ ಬೇಕು, ಕಾಯಬೇಡಿ. ನಿಮ್ಮ ತಾಲೂಕು ಪಶು ಆಸ್ಪತ್ರೆಗೆ ಹೇಳಿ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕ್ಲೋಸಾಂಟೆಲ್ ಅಥವಾ ಲೆವಾಮಿಸೋಲ್, ಅಂದರೆ ಬೇರೆ ಗುಂಪಿನ ಔಷಧಿ ಕೇಳಿ, ಆದರೆ ಡಾಕ್ಟರು ಕುರಿ ನೋಡಿ, ತೂಕ ನೋಡಿ ಕೊಡಲಿ. ಕ್ಲೋಸಾಂಟೆಲ್ ಅಳತೆ ಮೀರಿದರೆ ಕುರಿಗೆ ಕಣ್ಣು ಹೋಗುತ್ತದೆ, ಆ ಕುರುಡು ವಾಸಿಯಾಗುವುದಿಲ್ಲ. ಲೆವಾಮಿಸೋಲ್ ಜಾಸ್ತಿಯಾದರೆ ಜೊಲ್ಲು, ನಡುಕ ಬಂದು ಬೀಳುತ್ತದೆ. ರಕ್ತ ಇಲ್ಲದ ಕುರಿಗಳನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋಗಬೇಡಿ, ಓಡಿಸಿ ಹಿಡಿಯಲೂ ಬೇಡಿ. ಆ ಸುಸ್ತಿಗೇ ದಾರಿಯಲ್ಲಿ ಬಿದ್ದು ಸತ್ತಿರುವುದನ್ನು ನೋಡಿದ್ದೇನೆ.

ಉಳಿದ ಕುರಿಗಳ ಕಣ್ಣು ನೋಡಿ, ಬೆಳ್ಳಗಿರುವವಕ್ಕೆ ಮಾತ್ರ ಔಷಧಿ ಹಾಕಿಸಿ. ಮಂದೆಯಲ್ಲಿ ಹತ್ತರ ಹಿಕ್ಕೆ ಪರೀಕ್ಷೆ ಮಾಡಿಸಿ. ನೆಲದಿಂದ ಆರಿಸಬೇಡಿ, ಗುದದಿಂದಲೇ ತೆಗೆದು ಬೇರೆ ಬೇರೆ ಕವರಿನಲ್ಲಿ ಹಾಕಿ, ತಣ್ಣಗಿಟ್ಟು ಅವತ್ತೇ ತಲುಪಿಸಿ. ಬೆಚ್ಚಗಿದ್ದರೆ ದಾರಿಯಲ್ಲೇ ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತದೆ.

---

ಬಯಲುಸೀಮೆ (ಚಳ್ಳಕೆರೆ)
ನವೆಂಬರ್ 10

ಡಾಕ್ಟ್ರೇ, ನಾವು 120 ಕುರಿ ಇಟ್ಟಿದ್ದೇವೆ. ಎರಡು ತಿಂಗಳಿಗೊಮ್ಮೆ ತಪ್ಪದೆ ಎಲ್ಲಕ್ಕೂ ಹುಳದ ಔಷಧಿ ಹಾಕುತ್ತೇವೆ, ನಮ್ಮಲ್ಲಿ ಈ ತೊಂದರೆ ಬಂದಿಲ್ಲ. ಒಂದೊಂದರ ಕಣ್ಣು ನೋಡಿಕೊಂಡು ಕೂತರೆ ಕೆಲಸ ಸಾಗುತ್ತದಾ? ಒಂದಕ್ಕೆ ಹಾಕಿ ಒಂದನ್ನು ಬಿಟ್ಟರೆ ಬಿಟ್ಟ ಕುರಿಯಿಂದ ಮತ್ತೆ ಎಲ್ಲಕ್ಕೂ ಹರಡುವುದಿಲ್ಲವಾ? ನನಗೆ ಇದು ಒಪ್ಪಿಗೆ ಆಗುತ್ತಿಲ್ಲ.

---

ಪಶುವೈದ್ಯೆ (ಹಾಸನ)
ನವೆಂಬರ್ 10

ಒಳ್ಳೆಯ ಪ್ರಶ್ನೆ. ಹದಿನೈದು ವರ್ಷದ ಹಿಂದೆ ನಾನೂ ಎಲ್ಲಕ್ಕೂ ಹಾಕಿ ಅಂತಲೇ ಹೇಳುತ್ತಿದ್ದೆ. ಹಾಕಿದ ಕೂಡಲೇ ಹೊಸ ಹುಲ್ಲುಗಾವಲಿಗೆ ಹೊಡೆಯಿರಿ ಅಂತಲೂ ಹೇಳುತ್ತಿದ್ದೆವು. ಈಗ ಎರಡನ್ನೂ ಹೇಳುವುದಿಲ್ಲ.

ಮಂದೆಯಲ್ಲಿ ಹುಳ ಸಮನಾಗಿ ಹಂಚಿಕೊಂಡಿರುವುದಿಲ್ಲ. ನೂರರಲ್ಲಿ ಇಪ್ಪತ್ತು ಮೂವತ್ತು ಕುರಿಗಳ ಹೊಟ್ಟೆಯಲ್ಲೇ ಮುಕ್ಕಾಲು ಪಾಲು ಹುಳ ಇರುತ್ತದೆ. ಉಳಿದವು ಸ್ವಲ್ಪ ಹುಳ ಇಟ್ಟುಕೊಂಡೇ ಚೆನ್ನಾಗಿರುತ್ತವೆ. ಆ ಚೆನ್ನಾಗಿರುವ ಕುರಿಗಳ ಹೊಟ್ಟೆಯಲ್ಲಿರುವುದು ಔಷಧಿ ನೋಡದ ಹುಳ, ಅಂದರೆ ಔಷಧಿಗೆ ಸಾಯುವ ಹುಳ. ಅವುಗಳ ಮೊಟ್ಟೆ ಹುಲ್ಲಿಗೆ ಬೀಳುತ್ತಿದ್ದರೆ ಬಗ್ಗದ ಹುಳಗಳ ಸಂತತಿ ಅದರಲ್ಲಿ ಬೆರೆತು ತೆಳುವಾಗುತ್ತದೆ. ಎಲ್ಲಕ್ಕೂ ಹಾಕಿ ಹೊಸ ಹುಲ್ಲಿಗೆ ಬಿಟ್ಟರೆ ಆ ಹೊಸ ಹುಲ್ಲಿನ ಮೇಲೆ ಬೀಳುವುದೆಲ್ಲ ಬಗ್ಗದ ಹುಳದ ಮೊಟ್ಟೆಯೇ.

ಕಣ್ಣು ನೋಡಿ ಔಷಧಿ ಹಾಕುವ ಪದ್ಧತಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡಿದ್ದು, ಫಮಾಚಾ ಅಂತ ಹೆಸರು, ಫಾಫಾ ಮಲಾನ್ ಅನ್ನುವ ಪಶುವೈದ್ಯರ ಹೆಸರು ಮತ್ತು ಚಾರ್ಟ್ ಅನ್ನುವ ಪದದ ಮೊದಲ ಅಕ್ಷರಗಳಿಂದ ಬಂದಿದ್ದು. ಐದು ಬಣ್ಣದ ಒಂದು ಕಾರ್ಡ್ ಇರುತ್ತದೆ. ಒಂದು, ಎರಡು ಕೆಂಪು, ಬಿಟ್ಟುಬಿಡಬಹುದು. ನಾಲ್ಕು, ಐದು ಬೆಳ್ಳಗೆ, ಹಾಕಲೇಬೇಕು. ಮೂರನೆಯದು ನಡುವೆ, ಮರಿಗೋ ಹಾಲೂಡಿಸುವ ಕುರಿಗೋ ಆದರೆ ಹಾಕಿ. ಕೈ ಕುದುರಿದ ಮೇಲೆ ಒಂದು ಕುರಿಗೆ ಅರ್ಧ ನಿಮಿಷ ಸಾಕು, 120 ಕುರಿ ಒಂದು ಗಂಟೆಯ ಕೆಲಸ. ಆದರೆ ಇದು ರಕ್ತ ಕುಡಿಯುವ ಹುಳಕ್ಕೆ ಮಾತ್ರ. ಬೇರೆ ಹುಳ ಇದ್ದರೆ ಕಣ್ಣು ಕೆಂಪಾಗೇ ಇರಬಹುದು, ಹಿಕ್ಕೆ ಪರೀಕ್ಷೆಯನ್ನು ಬಿಡುವ ಹಾಗಿಲ್ಲ.

ನಿಮ್ಮಲ್ಲಿ ತೊಂದರೆ ಬಂದಿಲ್ಲ ಅನ್ನುವುದು ಸಂತೋಷ. ಚಳ್ಳಕೆರೆ ಒಣ ಸೀಮೆ. ಒಣ ನೆಲ, ಬಿಸಿಲಲ್ಲಿ ಮೊಟ್ಟೆ, ಎಳೆ ಮರಿಹುಳ ಉಳಿಯುವುದು ಕಷ್ಟ. ನಿಮ್ಮನ್ನು ಕಾಪಾಡುತ್ತಿರುವುದು ಔಷಧಿಯೋ ಬಿಸಿಲೋ ಅಂತ ತಿಳಿಯಲು ಒಂದೇ ದಾರಿ. ಔಷಧಿ ಹಾಕುವ ದಿನ ಹತ್ತು ಕುರಿಗಳ ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿ, 10ರಿಂದ 14 ದಿನ ಬಿಟ್ಟು ಅವೇ ಕುರಿಗಳದ್ದು ಮತ್ತೆ ಎಣಿಸಿ. ಮೊಟ್ಟೆ ನೂರಕ್ಕೆ 95ಕ್ಕಿಂತ ಕಡಿಮೆ ಇಳಿದಿದ್ದರೆ ಆ ಔಷಧಿ ನಿಮ್ಮ ಮಂದೆಯಲ್ಲಿ ಕೈಕೊಡಲು ಶುರು ಮಾಡಿದೆ.

---

ಬನ್ನೂರು ಕುರಿಮನೆ (ಮಂಡ್ಯ ಜಿಲ್ಲೆ)
ನವೆಂಬರ್ 11

ನಾನು ಮನೆಯ ಹಿಂದೆ 15 ಬನ್ನೂರು ಕುರಿ ಸಾಕುವ ಗೃಹಿಣಿ. ಒಂದು ಎಚ್ಚರಿಕೆ ಹೇಳಲೇಬೇಕು. ಗದ್ದ ಊದಿದ ಕುರಿಗೆ ಮೈಲುತುತ್ತದ ನೀರು, ಹೊಗೆಸೊಪ್ಪಿನ ನೀರು ಕುಡಿಸಿ ಅಂತ ಯಾರಾದರೂ ಹೇಳಿದರೆ ಕುಡಿಸಬೇಡಿ. ನಮ್ಮ ತಂದೆ ಕುಡಿಸುತ್ತಿದ್ದರು, ಆಗ ಬೇರೆ ಔಷಧಿ ಕೈಗೆ ಸಿಗುತ್ತಿರಲಿಲ್ಲ. ಒಂದು ವರ್ಷ ಅಳತೆ ತಪ್ಪಿ ಎರಡು ಕುರಿ ನಮ್ಮ ಕಣ್ಣೆದುರೇ ಹೋದವು. ಮೈಲುತುತ್ತದಲ್ಲಿರುವುದು ತಾಮ್ರ, ಕುರಿಗೆ ಅದು ತಡೆಯುವುದಿಲ್ಲ, ದನಕ್ಕೆ ಏನೂ ಆಗದ ಅಳತೆ ಕುರಿಯನ್ನು ಕೊಲ್ಲುತ್ತದೆ. ದನದ ಖನಿಜ ಮಿಶ್ರಣವನ್ನೂ ಅದಕ್ಕೇ ಕುರಿಗೆ ಹಾಕಬಾರದು ಅಂತ ನಮ್ಮ ಡಾಕ್ಟರು ಹೇಳುತ್ತಾರೆ.

ಬೇವಿನ ಸೊಪ್ಪು ನಾನೂ ಹಾಕುತ್ತೇನೆ, ತಿನ್ನಲಿ. ಆದರೆ ಕಣ್ಣು ಬೆಳ್ಳಗಾದ ಕುರಿಯನ್ನು ಬೇವು ಉಳಿಸುತ್ತದೆ ಅಂತ ನಂಬಿ ಒಂದು ವಾರ ಕಳೆಯಬೇಡಿ.

ನಮಗೆ ನಿಜವಾಗಿ ಅನುಕೂಲ ಆಗಿದ್ದು ಮೇಲಿನ ಮೇವು. ಅಗಸೆ, ಸುಬಾಬುಲ್, ಹಲಸಿನ ಸೊಪ್ಪು ಕಟ್ಟಿ ತೂಗುಹಾಕುತ್ತೇನೆ. ಹುಳದ ಮರಿ ಇರುವುದು ನೆಲಮಟ್ಟದ ಹುಲ್ಲಿನಲ್ಲಿ, ನಾಲ್ಕು ಬೆರಳಿನ ಎತ್ತರದ ಒಳಗೇ ಜಾಸ್ತಿ. ಮರದ ಸೊಪ್ಪಿಗೆ ಅದು ಹತ್ತುವುದಿಲ್ಲ. ಮರಿ ಹಾಕಿದ ಕುರಿಗಳಿಗೆ ದಿನಾ ಒಂದು ಹಿಡಿ ಕಡಲೆಕಾಯಿ ಹಿಂಡಿ, ನೆನೆಸಿದ ಹುರುಳಿ. ಹೊಟ್ಟೆಗೆ ಸತ್ವ ಸಿಕ್ಕ ಕುರಿ ಹುಳವನ್ನು ತಡೆದುಕೊಳ್ಳುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಅವಳಿ ಮರಿಯ ತಾಯಿ ಮೊದಲು ಹೋಗಿದ್ದು ಓದಿ ತುಂಬ ಬೇಜಾರಾಯಿತು. ಮರಿಗಳು ಹೇಗಿವೆ?

---

ಕೆರೆಯಂಗಳದ ಕುರಿಗಾರ (ಶಿರಾ ತಾಲೂಕು)
ನವೆಂಬರ್ 13

ಅಕ್ಕಾ, ಮರಿಗಳು ಚೆನ್ನಾಗಿವೆ. ಕೇಳಿದ್ದಕ್ಕೆ ಕಣ್ಣು ತುಂಬಿ ಬಂತು.

ಗದ್ದ ಊದಿದ್ದ ಮೂರರಲ್ಲಿ ಒಂದು ಉಳಿಯಲಿಲ್ಲ. ಡಾಕ್ಟರು ಬಂದು ಕೊಯ್ದು ತೋರಿಸಿದರು. ನಾಲ್ಕನೇ ಹೊಟ್ಟೆ ತೆರೆದಾಗ ಕೆಂಪು ದಾರದ ತುಂಡುಗಳನ್ನು ರಾಶಿ ಹಾಕಿದ ಹಾಗೆ, ಎಲ್ಲವೂ ಅಲುಗಾಡುತ್ತಿದ್ದವು. ಮಾಂಸ ಬಣ್ಣವೇ ಇಲ್ಲದೆ ತೊಳೆದಿಟ್ಟ ಹಾಗಿತ್ತು, ರಕ್ತ ನೀರಿನ ಹಾಗಿತ್ತು. ಇಷ್ಟು ದಿನ ಅದು ನನ್ನ ಎದುರೇ ಮೇಯುತ್ತಿತ್ತು, ನನಗೆ ಗೊತ್ತಾಗಲಿಲ್ಲ.

ಬಾಟಲಿ 2.5 ಪರ್ಸೆಂಟ್‌ನದ್ದೇ. ಔಷಧಿ ಅಂಗಡಿಯಲ್ಲಿ ಎಲ್ಲಕ್ಕೂ 5 ಎಂಎಲ್ ಸಾಕು ಅಂದಿದ್ದರು, ಲೆಕ್ಕ ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಉಳಿದ 40 ಕುರಿಗಳ ಕಣ್ಣೂ ನೋಡಿದೆವು. 11 ಬೆಳ್ಳಗಿದ್ದವು. ಅದರಲ್ಲಿ ಏಳು ಈಚೆಗೆ ಮರಿ ಹಾಕಿದವು, ಮೂರು ಐದಾರು ತಿಂಗಳ ಮರಿಗಳು. ಮೂಟೆ ತೂಗುವ ತಕ್ಕಡಿಗೆ ಗೋಣಿಚೀಲ ಕಟ್ಟಿ ಒಂದೊಂದನ್ನೇ ತೂಗಿದೆವು. ನಾನು 25 ಕೆಜಿ ಅಂದುಕೊಂಡಿದ್ದ ಕುರಿ 34 ಇತ್ತು. ಆ 11ಕ್ಕೆ ಡಾಕ್ಟರು ಕ್ಲೋಸಾಂಟೆಲ್ ಕೊಟ್ಟರು, ಕಬ್ಬಿಣಾಂಶದ ಸೂಜಿಮದ್ದೂ ಹಾಕಿದರು. ಕಣ್ಣು ಕೆಂಪಾಗಿರುವ ಹತ್ತರ ಹಿಕ್ಕೆ ಲ್ಯಾಬಿಗೆ ಕೊಟ್ಟು, ಅವಕ್ಕೆ ಮಾತ್ರ ಆಲ್ಬೆಂಡಜೋಲ್ ಪೂರ್ತಿ ಅಳತೆಯಲ್ಲಿ ಕುಡಿಸಿದ್ದೇವೆ. ಹನ್ನೆರಡು ದಿನ ಬಿಟ್ಟು ಅವುಗಳ ಹಿಕ್ಕೆ ಮತ್ತೆ ಲ್ಯಾಬಿಗೆ ಕೊಡಬೇಕು.

ಮರಿ ಹಾಕಿದವಕ್ಕೇ ಏಕೆ ಜಾಸ್ತಿ ಆಯಿತು?

---

ಪಶುವೈದ್ಯೆ (ಹಾಸನ)
ನವೆಂಬರ್ 13

ಗಬ್ಬದ ಕೊನೆಯ ವಾರಗಳಲ್ಲಿ, ಹಾಲೂಡಿಸುವಾಗ ತಾಯಿಯ ತಡೆಯುವ ಶಕ್ತಿ ಕುಗ್ಗುತ್ತದೆ. ಒಳಗೆ ಸುಮ್ಮನಿದ್ದ ಹುಳಗಳೂ ಆಗ ಬೆಳೆದು ಮೊಟ್ಟೆ ಇಡಲು ಶುರು ಮಾಡುತ್ತವೆ. ಅದೇ ಹೊತ್ತಿಗೆ ಮರಿಗಳು ಹುಲ್ಲು ಕಚ್ಚುವುದನ್ನು ಕಲಿಯುತ್ತಿರುತ್ತವೆ, ಅವಕ್ಕೆ ಹುಳದ ಪರಿಚಯವೇ ಇರುವುದಿಲ್ಲ. ತಾಯಿಯ ಹಿಕ್ಕೆಯಿಂದ ಮರಿಗೆ ಹೋಗುತ್ತದೆ. ಮರಿ ಹಾಕುವ ಒಂದೆರಡು ವಾರ ಮೊದಲಿಂದ ಎರಡು ತಿಂಗಳ ತನಕ ತಾಯಿಯ ಕಣ್ಣು ವಾರಕ್ಕೊಮ್ಮೆ ನೋಡಿ.

ಇನ್ನೆರಡು ಮಾತು. ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಹೆಣ್ಣು ಕುರಿಗೆ ಆಲ್ಬೆಂಡಜೋಲ್ ಬೇಡ, ಹೊಟ್ಟೆಯಲ್ಲಿರುವ ಮರಿಗೆ ಊನ ಆಗಬಹುದು. ಮತ್ತೆ, ಔಷಧಿ ಹಾಕಿದ ಕುರಿಯನ್ನು ಮಾಂಸಕ್ಕೆ ಮಾರುವ ಮೊದಲು ಬಾಟಲಿ ಮೇಲೆ ಬರೆದಷ್ಟು ದಿನ ಕಳೆಯಲಿ. ಅದನ್ನು ತಿನ್ನುವುದು ಮನುಷ್ಯರು.

---

ಮಂದೆಮನೆ (ಬಾಗಲಕೋಟೆ ಜಿಲ್ಲೆ)
ನವೆಂಬರ್ 14

ತಮ್ಮಾ, ಸಂತೆಯಿಂದ ಹೊಸ ಕುರಿ ತಂದರೆ ನೇರ ಮಂದೆಗೆ ಸೇರಿಸಬೇಡ. ಔಷಧಿಗೆ ಬಗ್ಗದ ಹುಳ ಬರುವುದು ಹಾಗೇ. ಎರಡು ಬೇರೆ ಬೇರೆ ಗುಂಪಿನ ಔಷಧಿ ಡಾಕ್ಟರ ಕೈಯಲ್ಲಿ ಹಾಕಿಸಿ, ಎರಡು ದಿನ ಒಣ ರೊಪ್ಪದಲ್ಲೇ ಕಟ್ಟಿ ಮೇಯಿಸು, ಆ ಹಿಕ್ಕೆ ತಿಪ್ಪೆಗೆ ಹಾಕು. ಹೋದ ವರ್ಷ ತೊಂದರೆ ಇರಲಿಲ್ಲ ಅಂದೆ. ನಡುವೆ ಕುರಿ ಕೊಂಡಿದ್ದೆಯಾ?

ಇನ್ನೊಂದು, ನಾಯಿ. ಕುರಿ ಕೊಯ್ದಾಗ ತಲೆಯನ್ನು ನಾಯಿಗೆ ಎಸೆಯಬೇಡಿ. ಕುರಿಯ ಮಿದುಳಿನಲ್ಲಿ ನೀರಿನ ಗುಳ್ಳೆ ಆಗಿ ಒಂದೇ ಕಡೆ ಗಿರಕಿ ಹೊಡೆಯುತ್ತದಲ್ಲ, ಅದು ನಾಯಿಯ ಲಾಡಿಹುಳದಿಂದ ಬರುವುದು. ಆ ತಲೆ ತಿಂದ ನಾಯಿ ಮತ್ತೆ ಹುಲ್ಲಿನ ಮೇಲೆ ಮೊಟ್ಟೆ ಉದುರಿಸುತ್ತದೆ. ನಮ್ಮ ಮಂದೆಯ ನಾಯಿಗಳಿಗೂ ಹುಳದ ಔಷಧಿ ಹಾಕಿಸುತ್ತೇವೆ.

---

ಕೆರೆಯಂಗಳದ ಕುರಿಗಾರ (ಶಿರಾ ತಾಲೂಕು)
ಡಿಸೆಂಬರ್ 2

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಣ್ಣಾ, ನೀವು ಕೇಳಿದ್ದು ಸರಿ, ಏಪ್ರಿಲ್‌ನಲ್ಲಿ ಸಂತೆಯಿಂದ ಎಂಟು ಕುರಿ ತಂದು ಅವತ್ತೇ ಮಂದೆಗೆ ಬಿಟ್ಟಿದ್ದೆ.

ಪರೀಕ್ಷೆ ವರದಿ ಬಂದಿದೆ. ಔಷಧಿಗೆ ಮೊದಲು ಒಂದು ಗ್ರಾಂ ಹಿಕ್ಕೆಯಲ್ಲಿ ಸರಾಸರಿ 1,400 ಮೊಟ್ಟೆ, ಹನ್ನೆರಡು ದಿನ ಆದ ಮೇಲೆ 1,050. ಪೂರ್ತಿ ಅಳತೆ ಕೊಟ್ಟ ಮೇಲೂ ನೂರಕ್ಕೆ 25 ಮಾತ್ರ ಇಳಿದಿದೆ. ನಮ್ಮ ಮಂದೆಗೆ ಆ ಔಷಧಿ ಇನ್ನು ನೀರು ಕುಡಿಸಿದ ಹಾಗೇ ಅಂತ ಡಾಕ್ಟರು ಹೇಳಿದರು. ಕ್ಲೋಸಾಂಟೆಲ್ ಹಾಕಿದ್ದ 11ರಲ್ಲಿ 10 ಉಳಿದಿವೆ. ಕಣ್ಣಿನ ಬಣ್ಣ ನಿಧಾನವಾಗಿ ತಿರುಗುತ್ತಿದೆ, ನಾಲ್ಕು ಈಗ ಗುಲಾಬಿ ಬಣ್ಣಕ್ಕೆ ಬಂದಿವೆ. ಆಮೇಲೆ ಹೊಸದಾಗಿ ಯಾವುದರ ಗದ್ದವೂ ಊದಿಲ್ಲ.

ಕೆರೆ ಅಂಗಳಕ್ಕೆ ಬಿಡುವುದು ನಿಲ್ಲಿಸಿದ್ದೇನೆ. ಬೆಳಿಗ್ಗೆ ಒಣ ಕಡಲೆಕಾಯಿ ಸೊಪ್ಪು ಹಾಕಿ, ಹತ್ತು ಗಂಟೆ ಮೇಲೆ ಗುಡ್ಡದ ಕಡೆ ಹೊಡೆಯುತ್ತೇನೆ. ಔಷಧಿ ಹಾಕಿದ ಕುರಿಗಳ ಕಿವಿಗೆ ಬಣ್ಣದ ಓಲೆ ಹಾಕಿದ್ದೇನೆ, ಯಾವುದಕ್ಕೆ ಮತ್ತೆ ಮತ್ತೆ ಬೇಕಾಗುತ್ತದೆ ನೋಡಲು. ಅಂಥ ಕುರಿಯ ಟಗರು ಮರಿಯನ್ನು ತಳಿಗೆ ಇಟ್ಟುಕೊಳ್ಳುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ ಮೇಡಂ. ಕೆರೆ ನೀರು ಇಳಿಯುತ್ತಿದೆ, ಅಂಚಿನಲ್ಲಿ ಬಸವನಹುಳು ತುಂಬ ಕಾಣುತ್ತಿವೆ. ಬೇಸಿಗೆಯಲ್ಲಿ ಬೇರೆಲ್ಲೂ ಹಸಿರು ಇರುವುದಿಲ್ಲ, ಆಗ ಅಲ್ಲಿಗೆ ಬಿಡಬಹುದಾ?

---

ಪಶುವೈದ್ಯೆ (ಹಾಸನ)
ಡಿಸೆಂಬರ್ 2

ನೀರಿನ ಅಂಚಿಗೆ ಬೇಡ. ಯಕೃತ್ತಿನ ಚಪ್ಪಟೆ ಹುಳ ಬೆಳೆಯುವುದು ಒಂದು ಜಾತಿಯ ಬಸವನಹುಳುವಿನ ಒಳಗೆ. ಅದರಿಂದ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕುರಿಗಾಗಿ ಕಾಯುತ್ತದೆ, ನೀರು ಇಳಿದಾಗ ಆ ಹುಲ್ಲೇ ಕುರಿಗೆ ಎಟುಕುವುದು. ಅದು ಯಕೃತ್ತು ತಲುಪಿ ಬಲಿತು ಮೊಟ್ಟೆ ಇಡಲು ಮೂರು ತಿಂಗಳ ಮೇಲೆ ಬೇಕು, ಅಲ್ಲಿಯ ತನಕ ಹಿಕ್ಕೆ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಆಲ್ಬೆಂಡಜೋಲ್ ಎಳೆಯ ಚಪ್ಪಟೆ ಹುಳವನ್ನು ಕೊಲ್ಲುವುದಿಲ್ಲ, ಟ್ರೈಕ್ಲಾಬೆಂಡಜೋಲ್‌ನಂಥದ್ದು ಬೇಕು. ಈಗ ಸುಮ್ನೆ ಮುಂಚಿತವಾಗಿ ಹಾಕಬೇಡಿ. ಅಂಚಿಗೆ ಮುಳ್ಳುಬೇಲಿ ಕಟ್ಟಿ, ಕುಡಿಯುವ ನೀರು ತೊಟ್ಟಿಯಲ್ಲಿ ಕೊಡಿ. ಹುಲ್ಲು ಬೇಕೇ ಬೇಕು ಅಂದರೆ ನೀರಿನಿಂದ ದೂರದ ಒಣ ಅಂಗಳದಲ್ಲಿ ಬಿಸಿಲೇರಿದ ಮೇಲೆ ಮೇಯಲಿ. ಫೆಬ್ರವರಿ ಕೊನೆಗೆ ಹತ್ತು ಕುರಿಯ ಹಿಕ್ಕೆ ಕೊಡಿ, ಆಗ ಚಪ್ಪಟೆ ಹುಳದ ಮೊಟ್ಟೆಯನ್ನೂ ನೋಡಿ ಅಂತ ಲ್ಯಾಬಿನವರಿಗೆ ಹೇಳಿ. ಅದರ ಪರೀಕ್ಷೆ ಬೇರೆ, ಕೇಳದಿದ್ದರೆ ಮಾಡುವುದಿಲ್ಲ.